ವಿಹಾರ ಕೆರೆಯ ಏರಿಗೆ ತಪಾಸಣೆ ಸೇವೆ: ಹೊರಮೈಗೆ ಒಳ್ಳೆಯ ಅಂಕ, ಕೊಳವೆಗೆ ಸೊನ್ನೆ

ದೋಣಿ ಬಿಡಲು, ಗಾಳ ಹಾಕಲು, ದಡದಲ್ಲಿ ಕೂರಲು ಎಂದೇ ಕಟ್ಟಿಸಿದ ಸಣ್ಣ ಕೆರೆಗಳಿಗೆ ಮಾಲೀಕರು ಸಾಮಾನ್ಯವಾಗಿ ಎಂಜಿನಿಯರುಗಳಲ್ಲ. ಕ್ಲಬ್ಬು, ವಸತಿ ಸಂಘ, ಶಿಬಿರ ನಡೆಸುವವರು, ಶಾಲೆ, ಇಂಥವರು. ಏರಿಯ ಬಗ್ಗೆ ಅನುಮಾನ ಬಂದಾಗ ಇವರು ಮೊದಲು ಕೊಳ್ಳುವ ಸೇವೆ ಎಂದರೆ ಕಣ್ಣೋಟದ ತಪಾಸಣೆ. ಒಬ್ಬ ಎಂಜಿನಿಯರು, ಒಬ್ಬ ಸಹಾಯಕ, ಅರ್ಧ ದಿನದ ನಡಿಗೆ, ಕೆಲವು ವಾರದ ಮೇಲೆ ಫೋಟೊ ತುಂಬಿದ ವರದಿ, ಕೊನೆಯ ಪುಟದಲ್ಲಿ ಒಂದು ದರ್ಜೆ: ತೃಪ್ತಿಕರ, ಸಾಧಾರಣ, ಕಳಪೆ ಅಥವಾ ಅತೃಪ್ತಿಕರ. ಸುಮಾರು ಹತ್ತು ಮೀಟರ್‌ವರೆಗಿನ ಎತ್ತರದ ಮಣ್ಣಿನ ಏರಿಗೆ ಈ ಸೇವೆ ಎಷ್ಟು ಆಗಿಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕೆರೆ ತುಂಬಿರುವಾಗ, ಹುಲ್ಲು ಕತ್ತರಿಸಿದ ಏರಿಯ ಮೇಲೆ ಮಾಡಿದರೆ ಈ ನಡಿಗೆಗೆ ಕೊಟ್ಟ ಹಣ ಖಂಡಿತ ವ್ಯರ್ಥವಲ್ಲ. ಆದರೆ ಅದು ನೋಡುವುದು ಏರಿಯ ಚರ್ಮವನ್ನು ಮಾತ್ರ. ಮಣ್ಣಿನ ಏರಿಗಳು ಒಡೆದ ದಾಖಲೆಗಳನ್ನು ಒಟ್ಟಿಗಿಟ್ಟು ನೋಡಿದರೆ ಸರಿಸುಮಾರು ಅರ್ಧದಷ್ಟು ಕಡೆ ನೀರು ನೆತ್ತಿ, ಅಂದರೆ ಏರಿಯ ಮೇಲ್ತುದಿ, ಹತ್ತಿ ಹರಿದಿದೆ, ಉಳಿದರ್ಧದ ಹತ್ತಿರದಷ್ಟು ಕಡೆ ಮಣ್ಣು ಒಳಗೊಳಗೇ ಸವೆದುಹೋಗಿದೆ. ಇಳಿಜಾರು ಜಾರಿ ಒಡೆದವು ಬಹಳ ಕಡಿಮೆ. ನೆತ್ತಿ ಹತ್ತುವ ನೀರನ್ನು ಮೊದಲೇ ತಿಳಿಯಲು ಲೆಕ್ಕ ಬೇಕು. ಒಳಗಿನ ಸವೆತವನ್ನು, ಅದರಲ್ಲೂ ನೀರು ಹೊರಬಿಡುವ ತೂಬಿನ ಕೊಳವೆಯ ಗುಂಟ ನಡೆಯುವುದನ್ನು ತಿಳಿಯಲು ಕ್ಯಾಮೆರಾ ಬೇಕು. ಸಾಮಾನ್ಯ ಪ್ಯಾಕೇಜಿನಲ್ಲಿ ಲೆಕ್ಕವೂ ಇಲ್ಲ, ಕ್ಯಾಮೆರಾವೂ ಇಲ್ಲ. ಇದನ್ನು ತಿಳಿದು ಕೊಂಡರೆ ಸೇವೆ ಒಳ್ಳೆಯದು. ತಿಳಿಯದೆ ಕೊಂಡರೆ ಅದು ಕೊಡುವ ಸಮಾಧಾನವೇ ಅಪಾಯ.

ನಡಿಗೆಯಲ್ಲಿ ಚೆನ್ನಾಗಿ ಸಿಗುವುದೇನು

ಅನುಭವಿ ಎಂಜಿನಿಯರು ಏರಿಯನ್ನು ಒಂದು ಸಲ ಉದ್ದಕ್ಕೆ ನಡೆದು ಮುಗಿಸುವುದಿಲ್ಲ. ನೆತ್ತಿಯ ಮೇಲೆ ಒಂದು ಸಾಲು, ಹೊರಮೈಯಲ್ಲಿ (ನೀರಿಲ್ಲದ ಬದಿಯ ಇಳಿಜಾರಿನಲ್ಲಿ) ಕೆಲವೇ ಮೀಟರ್ ಅಂತರದಲ್ಲಿ ಅಡ್ಡಡ್ಡ ಸಾಲುಗಳು, ಬುಡದಲ್ಲಿ ಒಂದು ಸಾಲು, ಎರಡೂ ತುದಿಯಲ್ಲಿ ಏರಿ ಗಟ್ಟಿನೆಲಕ್ಕೆ ಸೇರುವ ಮೂಲೆಗಳು, ಒಳಮೈಯಲ್ಲಿ ನೀರಿನ ಅಂಚು, ಹೀಗೆ ಹೆಣೆದು ನಡೆಯಬೇಕು. ಬುಡದಿಂದಾಚೆಗೂ ಏಳೆಂಟು ಮೀಟರ್ ನೋಡಬೇಕು, ಏಕೆಂದರೆ ಒಸರು ಎಷ್ಟೋ ಸಲ ಬುಡದಲ್ಲಿ ಏಳದೆ ತುಸು ದೂರದ ತಗ್ಗಿನಲ್ಲಿ ಏಳುತ್ತದೆ. ಹುಲ್ಲು ಮೊಣಕಾಲೆತ್ತರ ಬೆಳೆದಿದ್ದರೆ ಇದಾವುದೂ ಕಾಣುವುದಿಲ್ಲ. ಹುಲ್ಲು ಕತ್ತರಿಸದ ಏರಿಯ ಮೇಲೆ ತಪಾಸಣೆ ಮಾಡಿ ದರ್ಜೆ ಕೊಡುವವರ ಬಗ್ಗೆ ಎಚ್ಚರವಿರಲಿ. ‘ಹುಲ್ಲು ಕತ್ತರಿಸಿ ಕರೆಯಿರಿ’ ಎಂದು ವಾಪಸು ಹೋಗುವವರೇ ಕೆಲಸ ಬಲ್ಲವರು.

ನೆತ್ತಿಯಲ್ಲಿ ಅವರು ಹುಡುಕುವುದು ತಗ್ಗು ಮತ್ತು ಬಿರುಕು. ಉದ್ದಕ್ಕೆ ಓಡುವ ಬಿರುಕು ಇಳಿಜಾರು ಜಾರಲು ಹೊರಟಿರುವುದರ ಗುರುತಾಗಿರಬಹುದು. ಅಡ್ಡ ಬಿರುಕು ಒಳಮೈಯಿಂದ ಹೊರಮೈಗೆ ನೀರಿಗೆ ದಾರಿ ಮಾಡಿಕೊಡುವಂಥದ್ದು, ಹಾಗಾಗಿ ಸಣ್ಣದಿದ್ದರೂ ಬಿಡುವಂತಿಲ್ಲ. ತಗ್ಗನ್ನು ಕಣ್ಣಂದಾಜಿನಲ್ಲಿ ಬಿಡಬಾರದು. ಲೆವೆಲ್ ಯಂತ್ರ ಇಟ್ಟು ಪ್ರತಿ 10 ಅಥವಾ 15 ಮೀಟರಿಗೊಂದು ಮಟ್ಟ ತೆಗೆಯಲು ಹೆಚ್ಚೆಂದರೆ ಎರಡು ಗಂಟೆ ಸಾಕು. ನೀರು ನೆತ್ತಿ ಹತ್ತಿದರೆ ಇಡೀ ಉದ್ದಕ್ಕೆ ತೆಳುವಾಗಿ ಹರಿಯುವುದಿಲ್ಲ, ಅತಿ ತಗ್ಗಾದ ಹತ್ತು ಮೀಟರಿನಲ್ಲೇ ನುಗ್ಗುತ್ತದೆ. ಹಾಗಾಗಿ ಏರಿಯ ನಿಜವಾದ ಎತ್ತರ ಎಂದರೆ ಅದರ ಅತಿ ತಗ್ಗಿನ ಎತ್ತರ. ನಕ್ಷೆಯಲ್ಲಿ ಬರೆದಿರುವ ಎತ್ತರವನ್ನು ವರದಿಗೆ ನಕಲು ಮಾಡುವ ತಪಾಸಣೆ ಈ ಒಂದು ವಿಷಯದಲ್ಲೇ ಅಂಕ ಕಳೆದುಕೊಳ್ಳುತ್ತದೆ.

ಒಳಮೈಯಲ್ಲಿ ಅಲೆ ಕಡಿದ ಮೆಟ್ಟಿಲು, ಜಾರಿದ ಕಲ್ಲುಹಾಸು, ಕಲ್ಲಿನಡಿಯ ಜಲ್ಲಿ ತೊಳೆದುಹೋಗಿರುವುದು ಸುಲಭಕ್ಕೆ ಕಾಣುತ್ತದೆ, ಸುಲಭಕ್ಕೆ ಸರಿಹೋಗುತ್ತದೆ. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಮರಗಳ ವಿಷಯ ಹಾಗಲ್ಲ. ವಿಹಾರ ಕೆರೆಯಲ್ಲಿ ನೆರಳು ಎಲ್ಲರಿಗೂ ಬೇಕು, ಆದ್ದರಿಂದ ಏರಿಯ ಮೇಲಿನ ಮರಕ್ಕೆ ಕೊಡಲಿ ಹಾಕಲು ಯಾರೂ ಒಪ್ಪುವುದಿಲ್ಲ. ಬೇರು ಮಣ್ಣು ಹಿಡಿದುಕೊಳ್ಳುತ್ತದೆ ಎಂಬ ವಾದ ಬದುವಿಗೆ ಸರಿ, ನೀರು ಹೊತ್ತ ಏರಿಗೆ ಸರಿಯಲ್ಲ. ಗಾಳಿಗೆ ಮರ ಉರುಳಿದರೆ ಬೇರಿನ ಮುದ್ದೆಯ ಜೊತೆ ಏರಿಯ ಒಂದು ತುಂಡೇ ಎದ್ದುಬರುತ್ತದೆ. ಮರ ಸತ್ತರೆ ಬೇರು ಕೊಳೆತು, ಅದಿದ್ದ ಜಾಗವೆಲ್ಲ ನೀರಿಗೆ ಸಿದ್ಧ ಕೊಳವೆಯಾಗುತ್ತದೆ. ಹಾಗೆಂದು ದೊಡ್ಡ ಮರವನ್ನು ನೆಲಮಟ್ಟಕ್ಕೆ ಕಡಿದು ಬೊಡ್ಡೆ ಬಿಟ್ಟುಬಿಡುವುದು ಇನ್ನೂ ಕೆಟ್ಟದ್ದು. ಕೊಳೆಯುವಿಕೆ ಅಂದೇ ಶುರುವಾಗುತ್ತದೆ. ಬೊಡ್ಡೆ ಸುಮಾರು 15 ಸೆಂ.ಮೀ.ಗಿಂತ ದಪ್ಪವಿದ್ದರೆ ನೀರು ತಗ್ಗಿಸಿ, ಬೇರಿನ ಮುದ್ದೆ ಸಮೇತ ಅಗೆದು, ಗುಂಡಿಯ ಅಂಚುಗಳನ್ನು ಓರೆಯಾಗಿ ಕೆತ್ತಿ, ಏರಿಯದೇ ಬಗೆಯ ಮಣ್ಣನ್ನು 15ರಿಂದ 20 ಸೆಂ.ಮೀ. ಪದರಗಳಲ್ಲಿ ಹದವಾದ ತೇವದಲ್ಲಿ ದಮ್ಮಸು ಮಾಡುತ್ತ ತುಂಬಬೇಕು. ಒಳ್ಳೆಯ ವರದಿ ಪ್ರತಿ ಮರದ ಜಾಗ, ದಪ್ಪ, ಏನು ಮಾಡಬೇಕು ಎಂದು ಪಟ್ಟಿ ಕೊಡುತ್ತದೆ. ‘ಗಿಡಗಂಟಿ ತೆಗೆಯಿರಿ’ ಎಂಬ ಒಂದೇ ಸಾಲಿನ ವರದಿಯಿಂದ ಹಾನಿಯೇ ಹೆಚ್ಚು, ಏಕೆಂದರೆ ಮಾಲೀಕರು ಅದನ್ನು ಓದಿ ಎಲ್ಲವನ್ನೂ ಕಡಿದು ಬೊಡ್ಡೆ ಬಿಡುತ್ತಾರೆ.

ಬಿಲಗಳೂ ಹೀಗೆಯೇ. ಬಾಯಿಗೆ ಮಣ್ಣು ತುರುಕಿದರೆ ಬಿಲ ಮುಚ್ಚುವುದಿಲ್ಲ, ಬಾಯಿ ಮಾತ್ರ ಮುಚ್ಚುತ್ತದೆ. ಪ್ರಾಣಿ ಹೊರಗಿದೆಯೆಂದು ಖಚಿತಪಡಿಸಿಕೊಂಡು, ಬಿಲದ ಬಾಯಿಗೆ ಒಂದು ಅಗಲ ಕೊಳವೆ ನೆಟ್ಟಗೆ ಇಟ್ಟು, ಒಂಬತ್ತು ಪಾಲು ಮಣ್ಣಿಗೆ ಒಂದು ಪಾಲು ಸಿಮೆಂಟು ಬೆರೆಸಿದ ತೆಳು ರಾಡಿಯನ್ನು ತುಂಬುವವರೆಗೂ ಸುರಿಯುವುದು ನಡೆದುಬಂದ ಪದ್ಧತಿ.

ಒಸರು: ನೋಡಿದರೆ ಸಾಲದು, ಅಳೆಯಬೇಕು

ಪ್ರತಿ ಮಣ್ಣಿನ ಏರಿಯೂ ಒಸರುತ್ತದೆ. ಒಸರಿದೆ ಎಂಬುದು ಸುದ್ದಿಯಲ್ಲ; ಎಷ್ಟು, ತಿಳಿಯೋ ಕದಡೋ, ಕೆರೆಯ ಮಟ್ಟ ಅಷ್ಟೇ ಇದ್ದಾಗಲೂ ಹೆಚ್ಚಾಗುತ್ತಿದೆಯೋ ಎಂಬುದೇ ಸುದ್ದಿ. ಇಲ್ಲಿ ಸಾಮಾನ್ಯ ಪ್ಯಾಕೇಜು ಅರ್ಧಕ್ಕೇ ನಿಲ್ಲುತ್ತದೆ. ‘ಬುಡದಲ್ಲಿ ಜೌಗು ಕಂಡುಬಂದಿದೆ’ ಎಂದು ಒಂದು ಫೋಟೊ ಹಾಕಿ ಮುಗಿಸುತ್ತಾರೆ. ಮುಂದಿನ ಸಲ ಬಂದವರಿಗೆ ಆ ಫೋಟೊದಿಂದ ಹೋಲಿಸಲು ಏನೂ ಸಿಗುವುದಿಲ್ಲ.

ಅಳೆಯುವುದು ಕಷ್ಟವೇನಲ್ಲ. ಒಸರನ್ನು ಒಂದು ಸಣ್ಣ ಕಾಲುವೆಗೆ ಕೂಡಿಸಿ 10 ಲೀಟರಿನ ಬಕೆಟ್ ಹಿಡಿದರೆ ಸಾಕು. 20 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 30 ಲೀಟರು. ಶಾಶ್ವತ ಏರ್ಪಾಡು ಬೇಕಾದರೆ 90 ಡಿಗ್ರಿಯ ವಿ ಆಕಾರದಲ್ಲಿ ಕತ್ತರಿಸಿದ ಚೂಪಂಚಿನ ತಗಡನ್ನು ಕಾಲುವೆಗೆ ಅಡ್ಡ ನಿಲ್ಲಿಸಬೇಕು. ಕಚ್ಚಿನ ತಳದಿಂದ ನೀರಿನ ಎತ್ತರ 5 ಸೆಂ.ಮೀ. ಇದ್ದರೆ ನಿಮಿಷಕ್ಕೆ ಸುಮಾರು 46 ಲೀಟರು, 6 ಸೆಂ.ಮೀ. ಇದ್ದರೆ ಸುಮಾರು 73 ಲೀಟರು. ಒಂದೇ ಸೆಂ.ಮೀ.ಗೆ ಹರಿವು ಒಂದೂವರೆ ಪಟ್ಟು ದಾಟಿತು ಎಂಬುದನ್ನು ಗಮನಿಸಿ. ಅದಕ್ಕೇ ಎತ್ತರವನ್ನು ಮಿಲಿಮೀಟರಿನಲ್ಲಿ ಓದಬೇಕು, ಅದೂ ತಗಡಿನ ಪಕ್ಕದಲ್ಲಲ್ಲ. ಅಲ್ಲಿ ನೀರು ಬಾಗಿ ಇಳಿಯುತ್ತಿರುತ್ತದೆ. ನೀರಿನ ಎತ್ತರದ ನಾಲ್ಕು ಪಟ್ಟಾದರೂ ಹಿಂದಕ್ಕೆ ಅಳತೆ ಕೋಲು ನೆಡಬೇಕು. ಕಚ್ಚಿನಿಂದ ಬೀಳುವ ನೀರಿನ ಅಡಿಯಲ್ಲಿ ಗಾಳಿಯಾಡುವಷ್ಟು ಜಾಗವೂ ಇರಬೇಕು. ಪ್ರತಿ ಓದಿನ ಪಕ್ಕ ಆ ದಿನದ ಕೆರೆಯ ಮಟ್ಟ, ಹಿಂದಿನ ಮೂರು ದಿನದ ಮಳೆ ಬರೆದಿಡದಿದ್ದರೆ ಅಂಕಿಗೆ ಅರ್ಥವಿಲ್ಲ.

ಕದಡನ್ನು ತಿಳಿಯಲು ಗಾಜಿನ ಬಾಟಲಿ ಸಾಕು. ಒಸರಿನ ನೀರು ತುಂಬಿ ಒಂದು ಗಂಟೆ ಅಲುಗಿಸದೆ ಇಡಿ. ತಳದಲ್ಲಿ ಮಣ್ಣು ಕೂತಿದ್ದರೆ ಅದು ಬಂದದ್ದು ಏರಿಯ ಹೊಟ್ಟೆಯಿಂದಲೋ ಅಥವಾ ಅದರಡಿಯ ನೆಲದಿಂದಲೋ. ಕಬ್ಬಿಣದ ಬ್ಯಾಕ್ಟೀರಿಯಾ ಇರುವಲ್ಲಿ ಕಿತ್ತಳೆ ಬಣ್ಣದ ಲೋಳೆ ಕಾಣುತ್ತದೆ. ಅದನ್ನು ಮಣ್ಣೆಂದು ತಿಳಿದು ಹೆದರುವವರು ಬಹಳ. ಲೋಳೆ ಬೆರಳಿಗೆ ಜಾರುತ್ತದೆ, ಮಣ್ಣು ತರಿತರಿ ಎನ್ನುತ್ತದೆ.

ಇನ್ನೊಂದು ಅಗ್ಗದ ಪರೀಕ್ಷೆಯನ್ನು ಈ ಸೇವೆಯಲ್ಲಿ ಸೇರಿಸದಿರುವುದು ನಮಗೆ ಅರ್ಥವಾಗದ ವಿಷಯ. ಕೆಲವು ಜೇಡಿಮಣ್ಣುಗಳು ನೀರಿನಲ್ಲಿ ತಾವಾಗಿಯೇ ಬಿಡಿಸಿಕೊಂಡು ಹೊಗೆಯಂತೆ ಹರಡುತ್ತವೆ. ಅಂಥ ಮಣ್ಣಿನ ಏರಿಯಲ್ಲಿ ಕೂದಲೆಳೆಯ ಬಿರುಕು ಕೂಡ ಬೇಗ ಸುರಂಗವಾಗುತ್ತದೆ. ಏರಿಯಿಂದ ಗೋಲಿ ಗಾತ್ರದ ಹೆಂಟೆ ತೆಗೆದು ಡಿಸ್ಟಿಲ್ಡ್ ನೀರಿನ ಲೋಟಕ್ಕೆ ಮೆಲ್ಲಗೆ ಬಿಡಿ. ಹೆಂಟೆ ಕುಸಿದರೂ ಸುತ್ತ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ, ಸುತ್ತ ಮೋಡ ಕಟ್ಟಿ ತಳವೆಲ್ಲ ಹರಡಿದರೆ ಅದು ಚದುರುವ ಜೇಡಿ. ನಲ್ಲಿ ನೀರಿನಲ್ಲಿ ಮಾಡಬೇಡಿ, ಅದರಲ್ಲಿ ಕರಗಿದ ಲವಣಗಳು ಮೋಡ ಕಟ್ಟುವುದನ್ನು ತಡೆದು ಸುಳ್ಳು ಧೈರ್ಯ ಕೊಡುತ್ತವೆ. ಲೋಟ ತಿಳಿಯಾಗಿದ್ದರೂ ಅನುಮಾನ ಉಳಿದರೆ ಪ್ರಯೋಗಾಲಯದ ಸೂಜಿರಂಧ್ರ ಪರೀಕ್ಷೆ (ಮಣ್ಣಿನ ಸಣ್ಣ ತೂತಿನಲ್ಲಿ ನೀರು ಹರಿಸಿ ಅದು ಸವೆಯುತ್ತದೆಯೇ ನೋಡುವುದು) ಮಾಡಿಸಬೇಕು. ಏರಿಯ ಮೇಲೆ ಸಣ್ಣ ತೂತು, ಕೋಲು ಇಳಿಸಿದರೆ ಒಳಗೆ ದೊಡ್ಡ ಪೊಳ್ಳು ಸಿಗುತ್ತಿದ್ದರೆ ಪ್ರಯೋಗಾಲಯಕ್ಕೂ ಕಾಯಬೇಕಿಲ್ಲ.

ಕೋಡಿ: ಲೆಕ್ಕವಿಲ್ಲದ ವರದಿ ಅಪೂರ್ಣ

ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ಕೋಡಿಯ ಬಗ್ಗೆ ವರದಿಗಳು ‘ಕಾಂಕ್ರೀಟ್ ಚೆನ್ನಾಗಿದೆ, ಕಸ ತೆಗೆಯಬೇಕು’ ಎಂದಷ್ಟೇ ಬರೆಯುತ್ತವೆ. ಕೋಡಿ ಎಷ್ಟು ನೀರು ಸಾಗಿಸಬಲ್ಲದು, ಮೇಲಿನ ಜಲಾನಯನದಿಂದ ಎಷ್ಟು ಬರಬಹುದು ಎಂಬ ಎರಡು ಅಂಕಿ ಇಲ್ಲದೆ ಆ ಮಾತಿಗೆ ಬೆಲೆಯಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಿ. 6 ಮೀಟರ್ ಅಗಲದ ಸಪಾಟು ಕೋಡಿ, ಮೇಲೆ 60 ಸೆಂ.ಮೀ. ನೀರು ಹರಿಯುತ್ತಿದೆ. ಅಗಲವನ್ನು ನೀರಿನ ಎತ್ತರದ ಒಂದೂವರೆ ಘಾತದಿಂದ ಗುಣಿಸಿ, ಮತ್ತೆ 1.7ರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 4.7 ಘನ ಮೀಟರ್ ಬರುತ್ತದೆ. ಈಗ ದೋಣಿಗೆ ಆಳ ಬೇಕೆಂದು ಯಾರೋ ಕೋಡಿಯ ಮೇಲೆ 30 ಸೆಂ.ಮೀ. ಹಲಗೆ ಕೂರಿಸುತ್ತಾರೆ. ಕೆರೆಯ ಗರಿಷ್ಠ ಮಟ್ಟ ಅಷ್ಟೇ ಇರಬೇಕಾದರೆ ಹರಿಯಲು ಉಳಿಯುವುದು 30 ಸೆಂ.ಮೀ. ನೀರು, ಸಾಗುವುದು 1.7 ಘನ ಮೀಟರ್. ಎತ್ತರ ಅರ್ಧವಾದರೆ ಸಾಮರ್ಥ್ಯ ಅರ್ಧವಾಗುವುದಿಲ್ಲ, ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಹಲಗೆ ಇಲ್ಲದಿದ್ದರೂ, ಮೀನು ಹೋಗದಿರಲೆಂದು ಬಲೆ ಕಟ್ಟಿ, ಮೊದಲ ಮಳೆಗೆ ಎಲೆ ಕೊಂಬೆ ಬಂದು ಅರ್ಧ ಅಗಲ ಮುಚ್ಚಿತು ಎನ್ನೋಣ. ಅದೇ 4.7 ಘನ ಮೀಟರ್ ಹೋಗಲು ಈಗ ನೀರು 95 ಸೆಂ.ಮೀ. ಏರಬೇಕು. ಕೋಡಿಯಿಂದ ನೆತ್ತಿಗೆ 90 ಸೆಂ.ಮೀ. ಅಂತರ ಇಟ್ಟು ಕಟ್ಟಿದ ಏರಿಯ ಮೇಲೆ ನೀರು ಹತ್ತಿಯಾಯಿತು.

ಇದು ಬರೀ ಕಾಗದದ ಲೆಕ್ಕವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟು ಗಾಳ ಹಾಕುವ, ಬೇಟೆಯಾಡುವ ಕ್ಲಬ್ಬೊಂದರ ವಿಹಾರ ಕೆರೆಯಾಗಿತ್ತು. ಎರಡು ಗಾಡಿ ಓಡಾಡುವಷ್ಟು ಅಗಲ ಬೇಕೆಂದು ನೆತ್ತಿಯನ್ನು ತಗ್ಗಿಸಿದ್ದರು. ಕೋಡಿಗೆ ಮೀನಿನ ಜಾಲರಿ ಹಾಕಿದ್ದರು. ಹಿಂದಿನ ಮಾಲೀಕ ತಳದ ಕಬ್ಬಿಣದ ಕೊಳವೆಗಳನ್ನು ತೆಗೆಸಿದ್ದ, ಕ್ಲಬ್ಬು ಮತ್ತೆ ಹಾಕಿಸಲಿಲ್ಲ, ಹಾಗಾಗಿ ನೀರು ತಗ್ಗಿಸುವ ದಾರಿಯೇ ಇರಲಿಲ್ಲ. ನಡುಭಾಗ ತಗ್ಗಾಗಿತ್ತು. 1889ರ ಮೇ 31ರಂದು ಅದು ಒಡೆದು, ಕೆಳಗಿನ ಜಾನ್ಸ್‌ಟೌನ್‌ನಲ್ಲಿ 2,200ಕ್ಕೂ ಹೆಚ್ಚು ಜನ ಸತ್ತರು. ನಾಲ್ಕೂ ಲೋಪಗಳು ಹಗಲಿನಲ್ಲಿ ಕಣ್ಣಿಗೆ ಕಾಣುವಂಥವು. ಇಂದಿಗೂ ಯಾವುದೇ ವಿಹಾರ ಕೆರೆಯ ಕೋಡಿಗೆ ಹೋದರೆ ಹಲಗೆಯೋ ಬಲೆಯೋ ಬೇಲಿಯೋ ಮಗುಚಿಟ್ಟ ದೋಣಿಯೋ ಅಡ್ಡ ಇರುತ್ತದೆ. ತಪಾಸಣೆಗೆ ಬಂದವರು ಅದನ್ನು ‘ನಿರ್ವಹಣೆ’ ಎಂಬ ತಲೆಬರಹದಡಿ ಹಾಕುತ್ತಾರೆ. ಅದು ಮೊದಲ ಪುಟದಲ್ಲಿ ಇರಬೇಕಾದ ಮಾತು.

ನೀರು ಇಳಿದುಹೋಗಲು ಕಾಂಕ್ರೀಟ್ ಜಾರುಬಂಡೆಯಿರುವ ಕೋಡಿಗಳಿಗೆ ಇನ್ನೊಂದು ಪಾಠವಿದೆ. ಇಂಗ್ಲೆಂಡಿನ ವೇಲಿ ಬ್ರಿಡ್ಜ್ ಊರಿನ ಮೇಲಿರುವ ಟಾಡ್‌ಬ್ರೂಕ್ ಜಲಾಶಯದ ಕೋಡಿ 2019ರ ಆಗಸ್ಟ್ 1ರಂದು ಕಿತ್ತುಹೋಗಿ, ಸುಮಾರು 1,500 ಜನರನ್ನು ಮನೆ ಬಿಡಿಸಬೇಕಾಯಿತು. ಕಾನೂನುಬದ್ಧ ತಪಾಸಣೆ ಆಗಿ ಆಗ ಒಂದು ವರ್ಷವೂ ಆಗಿರಲಿಲ್ಲ. ಕಾಂಕ್ರೀಟ್ ಚಪ್ಪಡಿಗಳ ಅಡಿಗೆ ನೀರು ನುಗ್ಗಿ ಮಣ್ಣನ್ನು ಕೊಚ್ಚಿತ್ತು. ಮೇಲೆ ನಿಂತು ನೋಡಿದರೆ ಚಪ್ಪಡಿಯ ಕೆಳಗಿನ ಪೊಳ್ಳು ಕಾಣುವುದಿಲ್ಲ. ಸುತ್ತಿಗೆಯಿಂದ ತಟ್ಟುತ್ತ ಹೋದರೆ ಟೊಳ್ಳು ಸದ್ದು ಕೇಳುತ್ತದೆ, ಕೀಲುಗಳಲ್ಲಿ ಗಿಡ ಬೆಳೆದಿದ್ದರೆ ಆ ಕೀಲು ತೆರೆದಿದೆ ಎಂದರ್ಥ. ಸುತ್ತಿಗೆ ತರದೆ ಕೋಡಿ ತಪಾಸಣೆಗೆ ಬಂದವರನ್ನು ಏಕೆ ತಂದಿಲ್ಲ ಎಂದು ಕೇಳಿ.

ತೂಬಿನ ಕೊಳವೆ: ಸೊನ್ನೆ ಏಕೆ

ಮಣ್ಣಿನ ಏರಿಯ ಅತ್ಯಂತ ದುರ್ಬಲ ಜಾಗ ಅದರೊಳಗೆ ಹಾದುಹೋಗುವ ಕೊಳವೆ. ದುಂಡು ಕೊಳವೆಯ ಕೆಳಬದಿಗೆ ದಮ್ಮಸು ಯಂತ್ರ ತಲುಪುವುದಿಲ್ಲ, ಅಲ್ಲಿ ಮಣ್ಣು ಸಡಿಲವಾಗಿಯೇ ಉಳಿಯುತ್ತದೆ. ಸುತ್ತಲಿನ ಮಣ್ಣು ಕುಸಿದು ಕೂರುತ್ತದೆ, ಗಟ್ಟಿ ಕೊಳವೆ ಕೂರುವುದಿಲ್ಲ, ನಡುವೆ ಸಂದು ಬೀಳುತ್ತದೆ. ಕೊಳವೆ ತುಕ್ಕು ತಿಂದು ತೂತಾದರೆ ಎರಡು ಬಗೆಯಲ್ಲಿ ಕೆಡುಕು: ಒಳಗೆ ಒತ್ತಡವಿದ್ದರೆ ನೀರು ಏರಿಯ ಹೊಟ್ಟೆಗೆ ಚಿಮ್ಮುತ್ತದೆ, ಒತ್ತಡವಿಲ್ಲದಿದ್ದರೆ ಏರಿಯ ಮಣ್ಣು ಕೊಳವೆಯೊಳಗೆ ಉದುರಿ ಹರಿದುಹೋಗುತ್ತದೆ. ಎರಡನೆಯದು ವರ್ಷಗಟ್ಟಲೆ ಸದ್ದಿಲ್ಲದೆ ನಡೆದು, ಒಂದು ದಿನ ನೆತ್ತಿಯಲ್ಲಿ ಗುಂಡಿ ಬಿದ್ದಾಗಲೇ ತಿಳಿಯುವುದು.

ಅಮೆರಿಕದ ಕೊಲರಾಡೋದ ಲಾನ್ ಲೇಕ್ ಅಣೆಕಟ್ಟು 8 ಮೀಟರ್ ಎತ್ತರವೂ ಇಲ್ಲದ ಸಣ್ಣ ಮಣ್ಣಿನ ಏರಿ. 1903ರಲ್ಲಿ ಕಟ್ಟಿದ್ದು. ಕೊಳವೆ ಮತ್ತು ವಾಲ್ವು ಸೇರುವ ಕೀಲಿನ ಸೀಸದ ಬೆಸುಗೆ ಹಾಳಾಗಿ, ಅಲ್ಲಿಂದ ಸೋರಿದ ನೀರು ಮಣ್ಣನ್ನು ಒಳಗಿಂದ ಕೊರೆದು 1982ರ ಜುಲೈ 15ರಂದು ಏರಿ ಒಡೆಯಿತು, ಮೂವರು ಸತ್ತರು. ಏರಿಯ ಮೇಲೆ ಎಷ್ಟು ಸಲ ನಡೆದರೂ ಆ ಕೀಲು ಕಾಣುವಂಥದ್ದಲ್ಲ.

ಸಣ್ಣ ಏರಿಗಳಲ್ಲಿ ಸುಕ್ಕುಗಟ್ಟಿದ ಉಕ್ಕಿನ ಕೊಳವೆಗಳು ಬಹಳ. ಅವುಗಳ ಬಾಳಿಕೆ ನೀರು ಮಣ್ಣಿನ ಗುಣ ನೋಡಿ ಸುಮಾರು 25ರಿಂದ 50 ವರ್ಷ. ಏರಿಯ ಬಾಳಿಕೆ ಅದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ 40 ವರ್ಷ ದಾಟಿದ ಏರಿಗೆ ‘ಕೊಳವೆ ನೋಡಲಾಗಲಿಲ್ಲ’ ಎಂಬ ಟಿಪ್ಪಣಿಯೊಡನೆ ‘ತೃಪ್ತಿಕರ’ ಎಂಬ ದರ್ಜೆ ಕೊಡುವುದನ್ನು ನಾವು ಒಪ್ಪುವುದಿಲ್ಲ. ಗಾಲಿಗಳ ಮೇಲೆ ಓಡುವ ಕ್ಯಾಮೆರಾ ಇಳಿಸಿ, ಪ್ರತಿ ಕೀಲಿನ ದೂರ ಬರೆದು, ತುಕ್ಕು, ತೂತು, ಕೀಲು ಬಿಟ್ಟಿರುವುದು, ತಳದಲ್ಲಿ ಕೂತ ಮಣ್ಣು ಎಲ್ಲವನ್ನೂ ವೀಡಿಯೊ ಮಾಡಬೇಕು. ಮೊದಲು ಮೇಲಿನ, ಅಂದರೆ ಕೆರೆಯ ಕಡೆಯ, ಗೇಟು ಮುಚ್ಚಿ ಕೊಳವೆ ಖಾಲಿ ಮಾಡಬೇಕು; ನೀರು ಅರ್ಧ ತುಂಬಿದ್ದರೆ ಅತಿ ಹೆಚ್ಚು ತುಕ್ಕು ತಿನ್ನುವ ತಳಭಾಗವೇ ಕಾಣದು. ಮನುಷ್ಯರನ್ನು ಒಳಗೆ ಕಳಿಸುವ ಮಾತೇ ಬೇಡ, ಉಸಿರಾಡಲಾಗದ ಗಾಳಿ ಅಲ್ಲಿ ನಿಂತಿರಬಹುದು.

ಗೇಟು ಎಲ್ಲಿದೆ ಎಂಬುದೂ ಮುಖ್ಯ. ವಾಲ್ವು ಹೊರಗಿನ ತುದಿಯಲ್ಲಿದ್ದರೆ ಏರಿಯೊಳಗಿನ ಇಡೀ ಕೊಳವೆ ಸದಾ ಕೆರೆಯ ಪೂರ್ತಿ ಒತ್ತಡದಲ್ಲಿರುತ್ತದೆ. ಒಂದು ಕೀಲು ಬಿಟ್ಟರೆ ಸಾಕು. ಮೇಲಿನ ತುದಿಗೆ ಗೇಟು ಹಾಕಿಸುವುದು ಸಣ್ಣ ಏರಿಯಲ್ಲಿ ಮಾಡಬಹುದಾದ ಅತ್ಯುತ್ತಮ ಸುಧಾರಣೆಗಳಲ್ಲೊಂದು.

ಕ್ಯಾಮೆರಾ ಕೆಟ್ಟ ಸುದ್ದಿ ಕೊಟ್ಟರೆ ಸಾಮಾನ್ಯವಾಗಿ ಮಾರುವ ಪರಿಹಾರ ಹಳೆ ಕೊಳವೆಯೊಳಗೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆ ತೂರಿಸಿ ನಡುವಿನ ಸಂದಿಗೆ ಸಿಮೆಂಟ್ ಗ್ರೌಟ್ (ತೆಳು ರಾಡಿ) ತುಂಬುವುದು. ಕೆಲಸ ಒಳ್ಳೆಯದೇ. ಆದರೆ ಗ್ರೌಟ್ ಈ ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲ, ಬಿಸಿಲಲ್ಲಿ ಹಿಗ್ಗಿದ ಕೊಳವೆ ಒಳಗೆ ತಂಪಾದಾಗ ಕುಗ್ಗುತ್ತದೆ. ತೂರಿಸಿದ ಮೇಲೆ ತಣಿಯಲು ಬಿಟ್ಟು ಆಮೇಲೆ ಗ್ರೌಟ್ ಮಾಡಬೇಕು. ಗ್ರೌಟಿನ ಒತ್ತಡಕ್ಕೆ ಒಳಗೊಳವೆ ಅಪ್ಪಚ್ಚಿಯಾಗದಂತೆ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಳೆ ಕೊಳವೆಯ ಹೊರಗೆ ಆಗಲೇ ಆಗಿರುವ ಪೊಳ್ಳನ್ನು ಇದು ಸರಿಮಾಡುವುದಿಲ್ಲ. ಅದಕ್ಕೆ ಕೊಳವೆಯ ಕೆಳತುದಿಯ ಸುತ್ತ ಮರಳಿನ ಸೋಸುಪದರ ಬೇಕು.

ಹಳೆಯ ನಕ್ಷೆಗಳಲ್ಲಿ ಕೊಳವೆಗೆ ಅಲ್ಲಲ್ಲಿ ಕಾಂಕ್ರೀಟಿನ ಕಾಲರು ಕಟ್ಟಿರುವುದು ಕಾಣುತ್ತದೆ. ನೀರಿನ ದಾರಿ ಉದ್ದವಾದರೆ ಸೋರಿಕೆ ಕಡಿಮೆಯಾಗುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಕಾಲರಿನ ಸುತ್ತ ದಮ್ಮಸು ಇನ್ನೂ ಕಷ್ಟವಾಗಿ ಹಲವು ಏರಿಗಳು ಅಲ್ಲೇ ಕೊರೆದುಹೋದವು. ಅಮೆರಿಕದ ಸರ್ಕಾರಿ ಸಂಸ್ಥೆಗಳು 1980ರ ದಶಕದಲ್ಲಿ ಕಾಲರು ಬಿಟ್ಟು ಸೋಸುಪದರಕ್ಕೆ ಬಂದವು. ನೀರನ್ನು ತಡೆಯಲು ಹೋಗದೆ, ಮಣ್ಣನ್ನು ತಡೆದು ನೀರನ್ನು ಬಿಡುವುದು ಅದರ ತತ್ವ. ಕಾಂಕ್ರೀಟಿಗೆ ಬಳಸುವ ತೊಳೆದ, ಹದವಾಗಿ ದಪ್ಪ ಸಣ್ಣ ಕಾಳು ಬೆರೆತ ಮರಳು ಬಹುಪಾಲು ಮಣ್ಣುಗಳಿಗೆ ಸರಿಹೊಂದುತ್ತದೆ. ದಪ್ಪ 60ರಿಂದ 90 ಸೆಂ.ಮೀ., ಎರಡೂ ಪಕ್ಕಕ್ಕೆ ಮತ್ತು ಮೇಲಕ್ಕೆ ಕೊಳವೆಯ ವ್ಯಾಸದ ಮೂರು ಪಟ್ಟು, ಕೆಳಗೆ ನೀರು ಹೊರಹೋಗಲು ದಾರಿ. ಮರಳಿನಲ್ಲಿ ಜೇಡಿ ಬೆರೆತಿದ್ದರೆ ಅದೂ ಬಿರುಕು ಬಿಟ್ಟು ತೆರೆದೇ ನಿಲ್ಲುತ್ತದೆ. ಒದ್ದೆ ಮರಳಿನ ಮುದ್ದೆ ನೀರಿಗೆ ಬಿಟ್ಟಾಗ ಕುಸಿಯದೆ ನಿಂತರೆ ವಾಪಸು ಕಳಿಸಿ.

ವರದಿ ಓದುವಾಗ

ಮಾಲೀಕರು ಹೆಚ್ಚು ತಪ್ಪು ತಿಳಿಯುವ ಪದ ‘ಅಪಾಯ ವರ್ಗ’. ಅಧಿಕ ಅಪಾಯ ಎಂದರೆ ಏರಿ ಕೆಟ್ಟಿದೆ ಎಂದಲ್ಲ, ಒಡೆದರೆ ಕೆಳಗೆ ಜೀವ ಹೋಗುತ್ತದೆ ಎಂದು. ಸುಸ್ಥಿತಿಯ ಏರಿಯೂ ಅಧಿಕ ಅಪಾಯದ್ದಾಗಿರಬಹುದು. ಕಟ್ಟುವಾಗ ಕೆಳಗೆ ಬರೀ ಹುಲ್ಲುಗಾವಲಿದ್ದು ಆಮೇಲೆ ಮನೆಗಳು ಬಂದಿದ್ದರೆ ವರ್ಗ ತಾನೇ ಏರುತ್ತದೆ, ಕೋಡಿ ಸಾಗಿಸಬೇಕಾದ ಪ್ರವಾಹದ ಲೆಕ್ಕವೂ ಏರುತ್ತದೆ. ಹಳೆ ವರದಿಯ ವರ್ಗವನ್ನು ಹಾಗೇ ಎತ್ತಿ ಬರೆದಿದ್ದರೆ ವಾಪಸು ಕೊಡಿ.

ಹಿಂದಿನ ಫೋಟೊಗಳನ್ನು ಹೊಸದರ ಪಕ್ಕ ಇಡದ ವರದಿಯೂ ಅರೆಬರೆ. ಅಮೆರಿಕದ ಜಾರ್ಜಿಯಾ ರಾಜ್ಯದ ಕೆಲ್ಲಿ ಬಾರ್ನ್ಸ್ ಅಣೆಕಟ್ಟು ವಿದ್ಯುತ್ ಉತ್ಪಾದನೆ ನಿಂತ ಮೇಲೆ ವಿಹಾರಕ್ಕಷ್ಟೇ ಉಳಿದಿತ್ತು. 1977ರ ನವೆಂಬರ್ 6ರ ನಸುಕಿನಲ್ಲಿ ಒಡೆದು 39 ಜನ ಸತ್ತರು. ಹೊರಮೈ ಜಾರಿದ್ದು 1973ರ ಫೋಟೊ ಒಂದರಲ್ಲೇ ದಾಖಲಾಗಿತ್ತು. ಫೋಟೊ ತೆಗೆಯುವುದು ಹೋಲಿಸಲಿಕ್ಕಾಗಿ. ಅದೇ ಜಾಗದಿಂದ, ಅದೇ ದಿಕ್ಕಿಗೆ, ಪಕ್ಕದಲ್ಲಿ ಅಳತೆ ಕೋಲಿಟ್ಟು.

ಕೊಳ್ಳುವವರು ಕಾರ್ಯಾದೇಶದಲ್ಲಿ ಬರೆಸಬೇಕಾದ್ದು ಇಷ್ಟು: ನೆತ್ತಿಯ ಮಟ್ಟಗಳು, ಒಸರಿನ ಅಳತೆ ಲೀಟರಿನಲ್ಲಿ, ಕೋಡಿಯ ಸಾಮರ್ಥ್ಯ ಮತ್ತು ಒಳಹರಿವಿನ ಲೆಕ್ಕ, ಕೊಳವೆಯ ವೀಡಿಯೊ, ಗೇಟನ್ನು ಪೂರ್ತಿ ತೆರೆದು ಪೂರ್ತಿ ಮುಚ್ಚಿ ತೋರಿಸುವುದು. ಕೊನೆಯದಕ್ಕೆ ಹಲವರು ಹಿಂಜರಿಯುತ್ತಾರೆ, ಹತ್ತು ವರ್ಷ ತಿರುಗಿಸದ ಗೇಟು ತೆರೆದ ಮೇಲೆ ಮುಚ್ಚದೇ ಹೋದರೆ ಎಂದು. ಹಿಂಜರಿಕೆಗೆ ಕಾರಣವಿದೆ, ಆದ್ದರಿಂದ ಕೊಳವೆಯ ಬಾಯಿ ಮುಚ್ಚಲು ಹಲಗೆ ಸಿದ್ಧವಿಟ್ಟುಕೊಂಡು ಮಾಡಬೇಕು. ತುರ್ತಿನ ರಾತ್ರಿ ಮೊದಲ ಸಲ ತಿರುಗಿಸುವುದಕ್ಕಿಂತ ಅದು ಮೇಲು. ದೋಣಿಕಟ್ಟೆ ರಿಪೇರಿಗೆಂದು ನೀರು ತಗ್ಗಿಸುವಾಗ ದಿನಕ್ಕೆ 30 ಸೆಂ.ಮೀ. ಮೀರಬೇಡಿ. ಕೆರೆಯ ನೀರು ಬೇಗ ಇಳಿದರೂ ಏರಿಯ ಮಣ್ಣಿನೊಳಗಿನ ನೀರು ಇಳಿಯದು, ಆ ಭಾರಕ್ಕೆ ಒಳಮೈ ಜಾರುತ್ತದೆ.

ತಪಾಸಣೆಯ ಸರದಿಗೆ ಕಾಯಬಾರದ ಸಂದರ್ಭಗಳೂ ಇವೆ. ನೀರಿನ ಮೇಲೆ ಸುಳಿ ಕಂಡರೆ, ನೆತ್ತಿಯಲ್ಲಿ ಗುಂಡಿ ಬಿದ್ದರೆ, ತಿಳಿಯಾಗಿದ್ದ ಒಸರು ಕದಡಿ ಹೆಚ್ಚಾದರೆ ಮೊದಲ ಕರೆ ಕೆಳಗಿನ ಮನೆಗಳಿಗೆ ಮತ್ತು ರಕ್ಷಣಾ ಪಡೆಗೆ, ಎರಡನೆಯದು ಎಂಜಿನಿಯರಿಗೆ. ಆ ಹೊತ್ತಿಗೆ 30 ಸೆಂ.ಮೀ.ನ ನಿಯಮ ನೋಡದೆ ಗೇಟು ತೆರೆಯಿರಿ. ಹೊರಮೈಯಲ್ಲಿ ಉಕ್ಕುತ್ತಿರುವ ಜಾಗಕ್ಕೆ ಜೇಡಿಯನ್ನಾಗಲಿ ಕಾಂಕ್ರೀಟನ್ನಾಗಲಿ ಮೆತ್ತಬೇಡಿ; ತಡೆದ ನೀರು ಪಕ್ಕದಲ್ಲಿ ಇನ್ನೊಂದು ದಾರಿ ಕೊರೆಯುತ್ತದೆ. ಏರಿಯ ಮೇಲೆ ನಿಲ್ಲುವುದು ಇನ್ನೂ ಕ್ಷೇಮ ಎಂದಿದ್ದರೆ ಮಾತ್ರ, ನೀರು ಉಕ್ಕುವ ಜಾಗದ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಎಂದು ಪದರ ಹಾಕಿ: ನೀರು ಹೋಗಲಿ, ಮಣ್ಣು ನಿಲ್ಲಲಿ. ಮರಳು ಕೊಚ್ಚಿಹೋಗುವಷ್ಟು ರಭಸವಿದ್ದರೆ ಮೊದಲು ಕಲ್ಲು ಹಾಕಿ ರಭಸ ಮುರಿದು ಆಮೇಲೆ ಮರಳು. ಅದಕ್ಕೆ ಬೇಕಾದ ಎರಡು ಲಾರಿ ಮರಳು, ಜಲ್ಲಿ ಏರಿಯ ಬುಡದ ಹತ್ತಿರ, ಮಳೆಯಲ್ಲೂ ಗಾಡಿ ಹೋಗಬಲ್ಲ ಜಾಗದಲ್ಲಿ ಮೊದಲೇ ಸುರಿದಿಟ್ಟಿರಬೇಕು.